ಬಾಲವೋ ಬಾವುಟವೋ: ಆಟದ ಕಣಕ್ಕಿಳಿದ ಅನ್ಯಸೈನ್ಯ

ವಾಲಿ-ಸುಗ್ರೀವರ ಮೊದಲ ಕಾಳಗದಲ್ಲಿ ರಾಮ ಬಾಣ ಬಿಡಲಿಲ್ಲ. ಧರ್ಮಸೂಕ್ಷ್ಮ ಅಡ್ಡ ಬಂದಿತೆಂದಲ್ಲ, ಯಾರು ವಾಲಿ ಯಾರು ಸುಗ್ರೀವ ಎಂಬುದೇ ಅವನಿಗೆ ಗೊತ್ತಾಗಲಿಲ್ಲ. ಇಬ್ಬರದೂ ಒಂದೇ ಮೈಕಟ್ಟು, ಒಂದೇ ಕೂಗು. ಸುಗ್ರೀವ ಏಟು ತಿಂದು ಓಡಿಬಂದ. ಲಕ್ಷ್ಮಣ ಅವನ ಕೊರಳಿಗೆ ಗಜಪುಷ್ಪಿಯ ಬಳ್ಳಿಯನ್ನು ಹಾರದಂತೆ ಸುತ್ತಿದ ಮೇಲೆಯೇ ಎರಡನೇ ಸುತ್ತು ಇತ್ಯರ್ಥವಾದದ್ದು. ಇದೆಲ್ಲ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಂಡೆಗಳ ನಡುವೆ ನಡೆಯಿತೆಂದು ಈ ಸೀಮೆಯವರು ನಂಬಿಕೊಂಡು ಬಂದಿದ್ದಾರೆ. ಅಲ್ಲಿನ ಅಂಜನಾದ್ರಿ ಬೆಟ್ಟದ ಮೆಟ್ಟಿಲು ಹತ್ತುವವರಿಗೆ ವಾನರರ ಕಿಷ್ಕಿಂಧೆ ಎಲ್ಲಿತ್ತು ಎಂಬ ಚರ್ಚೆ ಬೇಕಿಲ್ಲ.

ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ ಯುದ್ಧ ಆಡುವವರಿಗೆ ರಾಮನ ಈ ಇಕ್ಕಟ್ಟು ಚೆನ್ನಾಗಿ ಗೊತ್ತು. ಒಂದೇ ಅಚ್ಚಿನಲ್ಲಿ ಹೊಯ್ದ ಎರಡು ಪಡೆಗಳನ್ನು ಎದುರುಬದುರು ಇಟ್ಟರೆ ಮೂರು ಅಡಿ ದೂರದಿಂದ ಯಾರದು ಯಾವುದು ತಿಳಿಯದು. ಹಾಗಾಗಿ ಬಣ್ಣ ಬಳಿಯುತ್ತಾರೆ, ಬಾವುಟ ನೆಡುತ್ತಾರೆ. ಎದುರಾಳಿ ಮನುಷ್ಯನೇ ಅಲ್ಲದಿದ್ದರೆ ಬಾಲ, ಕೊಂಬು, ಆರು ಕಾಲು ಕೆತ್ತುತ್ತಾರೆ. ವಾರ್‌ಗೇಮ್ ಹವ್ಯಾಸದಲ್ಲಿ ಅನ್ಯಗ್ರಹದ ಸೈನ್ಯಗಳು ಹೇಗೆ ಬಂದವು ಎಂದು ಬರೆಯುವವರು ಸಾಮಾನ್ಯವಾಗಿ 1970ರ ದಶಕದ ಅಮೆರಿಕದಿಂದ ಕಥೆ ಶುರುಮಾಡುತ್ತಾರೆ. ಕೊಪ್ಪಳದಿಂದ ನೋಡಿದರೆ ಆ ಕಥೆಗೆ ಬಹಳ ಹಿಂದಿನ ಅಧ್ಯಾಯಗಳಿವೆ. ಮನುಷ್ಯರಲ್ಲದ, ಆದರೆ ದಂಡು ಕಟ್ಟಿ ಯುದ್ಧ ಮಾಡುವ ಒಂದು ಜನಾಂಗವನ್ನು ಸಣ್ಣ ಆಕೃತಿಗಳಲ್ಲಿ ತೋರಿಸುವ ಕೆಲಸ ಇಲ್ಲಿ ಕಲ್ಲಿನಲ್ಲಿ, ತೊಗಲಿನಲ್ಲಿ, ಮರದಲ್ಲಿ ಶತಮಾನಗಳಿಂದ ನಡೆದಿದೆ.

ಆದರೆ ರೂಪ ಕೊಟ್ಟ ಮಾತ್ರಕ್ಕೆ ಅನ್ಯಸೈನ್ಯ ಆಗುವುದಿಲ್ಲ. ಬಾಲವಿರುವ ಕಾಲಾಳು, ಬಾಲವಿಲ್ಲದ ಕಾಲಾಳಿನಂತೆಯೇ ಒಂದು ಮನೆ ಮುಂದೆ ಹೋಗುತ್ತಿದ್ದರೆ ಅವನು ವೇಷ ಹಾಕಿದ ಮನುಷ್ಯನಷ್ಟೇ. ಅನ್ಯನೆನಿಸಬೇಕಾದರೆ ಅವನ ನಡೆಯೇ ಬೇರೆಯಾಗಬೇಕು. ರೂಪ ಮತ್ತು ನಡೆ ಯಾವಾಗ, ಎಲ್ಲಿ ಒಂದಾದವು ಎಂಬುದೇ ಈ ಕ್ಷೇತ್ರದ ಇತಿಹಾಸ ಎಂದು ನನಗೆ ಅನಿಸುತ್ತದೆ.

ಮೊದಲು ಹತ್ತಿರದ ಕಲ್ಲುಗಳು. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದಲ್ಲಿ ಸುಮಾರು 400 ಬೃಹತ್ ಶಿಲಾ ಸಮಾಧಿಗಳಿವೆ. 2021ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿರುವ ತಾಣವದು. ಅಲ್ಲಿನ ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಪ್ರಾಣಿಗಳು, ಆಯುಧ ಹಿಡಿದವರು, ಕುದುರೆ ಸವಾರರು ಇದ್ದಾರೆ. ಬೆರಳುದ್ದದ ಆಕೃತಿಯೂ ದೂರದಿಂದಲೇ ಕುದುರೆ ಸವಾರ ಎಂದು ಗುರುತಿಗೆ ಸಿಗುತ್ತದೆ. ಸಣ್ಣ ಆಕೃತಿಯಲ್ಲಿ ವಿವರಕ್ಕಿಂತ ಹೊರಗೆರೆ ಮುಖ್ಯ ಎಂಬ ಪಾಠ ಇಂದಿನ ಮಿನಿಯೇಚರ್ ಶಿಲ್ಪಿಗಳಿಗೂ ಮೊದಲ ಪಾಠವೇ.

ಹೊಳೆಯಾಚೆಯ ಹಂಪಿಯಲ್ಲಿ ಈ ವಿದ್ಯೆ ಬಹಳ ಮುಂದಕ್ಕೆ ಹೋಯಿತು. ಹದಿನೈದನೇ ಶತಮಾನದ ಹಜಾರರಾಮ ಗುಡಿಯ ಪ್ರಾಕಾರದ ಹೊರಗೋಡೆಯಲ್ಲಿ ಸಾಲು ಸಾಲಾಗಿ ಆನೆಗಳು, ಕುದುರೆಗಳು, ಕಾಲಾಳುಗಳು, ನರ್ತಕಿಯರು ಸಾಗುತ್ತಾರೆ. ಅದು ಕಣ್ಣೆದುರಿನ ದಂಡು, ಮನುಷ್ಯರದು. ಒಳಗೋಡೆಗಳಲ್ಲಿ ರಾಮಾಯಣ, ಅಲ್ಲಿ ವಾನರರದೇ ದರಬಾರು. ಒಂದೇ ಗುಡಿಯಲ್ಲಿ ಎರಡು ಸೈನ್ಯಗಳನ್ನು ಕೆತ್ತಿದ ಶಿಲ್ಪಿಗಳು ಗುರುತಿನ ಸಮಸ್ಯೆಯನ್ನು ಸರಳವಾಗಿ ಬಗೆಹರಿಸಿದ್ದಾರೆ. ನಿಲುವು ಮನುಷ್ಯನದೇ, ನಡುಪಟ್ಟಿ, ಒಡವೆ ಮನುಷ್ಯನವೇ. ಮುಂದೆ ಚಾಚಿದ ಮುಸುಡಿ, ಹಿಂದೆ ಮೇಲೆದ್ದ ಬಾಲ, ಇಷ್ಟೇ ಬೇರೆ. ಅರಸನಾದರೆ ತಲೆಗೊಂದು ಕಿರೀಟ. ಮಹಾನವಮಿ ದಿಬ್ಬದಲ್ಲಿ ಕೆತ್ತಿದ ಪರದೇಶಿಗಳನ್ನೂ ಹೀಗೆಯೇ ಟೊಪ್ಪಿಗೆ, ಗಡ್ಡ, ಉದ್ದಂಗಿಗಳಿಂದ ಗುರುತಿಸಬಹುದು. ಅನ್ಯನನ್ನು ತೋರಿಸಲು ಎರಡು ಮೂರು ಚಿಹ್ನೆಗಳು ಸಾಕು, ಮಿಕ್ಕಿದ್ದೆಲ್ಲ ನಮ್ಮಂತೆಯೇ ಇರಲಿ ಎಂಬ ಜಾಣತನವದು. ಹೊಸಗಾಲದ ವಾರ್‌ಗೇಮ್ ಶಿಲ್ಪಿಗಳಲ್ಲಿ ಹಲವರಿಗೆ ಈ ಮಿತಿ ಬರಲಿಲ್ಲ. ಅವರ ಅನ್ಯಜೀವಿಗಳಲ್ಲಿ ಮುಳ್ಳು, ಹಲ್ಲು, ಕೊಂಡಿಗಳು ತುಂಬಿ ಕಣ್ಣು ಎಲ್ಲಿ ನಿಲ್ಲಬೇಕೆಂದೇ ತಿಳಿಯದು.

ಕನ್ನಡದಲ್ಲೇ ಇದಕ್ಕೆ ಎದುರಾದ ಇನ್ನೊಂದು ದಾರಿಯೂ ಇತ್ತು. ಕವಿರಾಜಮಾರ್ಗ ತಿರುಳ್ಗನ್ನಡದ ಮೇರೆಗಳಲ್ಲಿ ಒಂದಾಗಿ ಹೆಸರಿಸುವ ಕೊಪಣ, ಅಂದರೆ ಇಂದಿನ ಕೊಪ್ಪಳ, ಜೈನರ ದೊಡ್ಡ ತೀರ್ಥವಾಗಿತ್ತು. ಜೈನ ರಾಮಕಥೆಯಲ್ಲಿ ವಾನರರು ಕೋತಿಗಳೇ ಅಲ್ಲ, ವಿದ್ಯಾಧರ ಕುಲದವರು. ಅವರ ಧ್ವಜದಲ್ಲಿ ವಾನರ ಲಾಂಛನವಿತ್ತು, ಅದರಿಂದ ಆ ಹೆಸರು. ರಾವಣನಿಗೂ ಹತ್ತು ತಲೆಯಿಲ್ಲ, ಕೊರಳ ಹಾರದ ಮಣಿಗಳಲ್ಲಿ ಮುಖ ಹತ್ತಾಗಿ ಕಂಡಿತಷ್ಟೆ. ನಾಗಚಂದ್ರನ ರಾಮಚಂದ್ರಚರಿತ ಪುರಾಣ ಈ ಪರಂಪರೆಯದು. ಅಂಜನಾದ್ರಿಯ ಭಕ್ತನಿಗೆ ಬಾಲ ಬೇಕು, ಕೊಪಣದ ಜೈನನಿಗೆ ಬಾವುಟ ಸಾಕು. ಒಂದೇ ಜಿಲ್ಲೆಯೊಳಗೆ ಅನ್ಯಸೈನ್ಯದ ಎರಡು ವಿನ್ಯಾಸಗಳು ಹೀಗೆ ಅಕ್ಕಪಕ್ಕ ಬಾಳಿದವು.

ಆಟದ ಹಲಗೆಗಳು ಬಹುಕಾಲ ಬಾವುಟದ ಕಡೆಗೇ ವಾಲಿದವು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅದೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ಚದುರಂಗವನ್ನೂ ವಿವರಿಸಿದ್ದಾನೆ. ಆನೆ, ಕುದುರೆ, ರಥ, ಕಾಲಾಳು ಎರಡೂ ಕಡೆ ಲೆಕ್ಕಕ್ಕೆ ಲೆಕ್ಕ ಸಮ. ಬೇರೆ ಇರುವುದು ಬಣ್ಣವೊಂದೇ. ಚದುರಂಗದಲ್ಲಿ ಶತ್ರು ಎಂದರೆ ಕನ್ನಡಿಯೊಳಗಿನ ನೀನೇ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬಂಗಾಳದ ಬಹರಾಂಪುರದ ದಂತದ ಕೆತ್ತನೆಗಾರರು ಒಂದು ಕಡೆ ಕಂಪನಿ ಪಡೆ, ಇನ್ನೊಂದು ಕಡೆ ದೇಶೀ ಅರಸನ ಪಡೆ ಇರುವ ಚದುರಂಗದ ಕಾಯಿಗಳನ್ನು ಮಾಡಿದರು. ಸಂಗ್ರಹಕಾರರು ಅವನ್ನು ಜಾನ್ ಕಂಪನಿ ಸೆಟ್ ಎನ್ನುತ್ತಾರೆ. ನೋಡಲು ಎರಡೂ ಪೂರಾ ಬೇರೆ ಲೋಕ, ಆಡಲು ಕೂತರೆ ಅದೇ ಹಳೆಯ ನಡೆ. ಅದೇ ಹೊತ್ತಿಗೆ ನಿಜವಾದ ಪರಕೀಯ ಪಡೆಗಳು ಕೊಪ್ಪಳದ ಬಾಗಿಲಿಗೇ ಬಂದಿದ್ದವು. ಟಿಪ್ಪು 1786ರಲ್ಲಿ ಕೊಪ್ಪಳ ಕೋಟೆಯನ್ನು ಹಿಡಿದು ಫ್ರೆಂಚ್ ಎಂಜಿನಿಯರುಗಳ ಕೈಯಿಂದ ಭದ್ರಪಡಿಸಿದ್ದ. 1790-91ರಲ್ಲಿ ಕಂಪನಿ ಮತ್ತು ನಿಜಾಮನ ಸೈನ್ಯಗಳು ತಿಂಗಳುಗಟ್ಟಲೆ ಅದನ್ನು ಮುತ್ತಿಗೆ ಹಾಕಿದವು.

ಇಸ್ಪೀಟಿನ ಹಿರಿಯನಾದ ಗಂಜೀಫಾ ಸ್ವಲ್ಪ ಹೆಚ್ಚು ಧೈರ್ಯ ತೋರಿಸಿತು. ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ವಿವರಿಸುವ ಹಳೆಯ ಗಂಜೀಫಾದಲ್ಲಿ ಹನ್ನೆರಡು ಪಂಗಡ, ಪಂಗಡಕ್ಕೆ ಹನ್ನೆರಡು ಎಲೆ, ಒಟ್ಟು 144. ಅಶ್ವಪತಿ, ಗಜಪತಿ, ನರಪತಿ ಎಂಬ ಮೂರು ಪಂಗಡಗಳ ಹೆಸರು ನಮ್ಮ ಇತಿಹಾಸದಿಂದ ನೇರವಾಗಿ ಎದ್ದು ಬಂದಂತಿವೆ. ಕುದುರೆಯ ಬಲದವನು ದಿಲ್ಲಿಯ ಸುಲ್ತಾನ, ಆನೆಯ ಬಲದವನು ಒಡಿಶಾದ ದೊರೆ, ಕಾಲಾಳಿನ ಬಲದ ನರಪತಿ ವಿಜಯನಗರದವನು. ಆನೆಗೊಂದಿಯ ಅರಸು ಮನೆತನಕ್ಕೆ ನರಪತಿ ಎಂಬ ಬಿರುದು ಕಡೆಯವರೆಗೂ ಉಳಿಯಿತು. ಅದೇ ಕಟ್ಟಿನಲ್ಲಿ ಅಸುರಪತಿ, ಕಾಡುಮೃಗಗಳ ವನಪತಿ, ಹಾವುಗಳ ಅಹಿಪತಿ ಕೂಡ ಇದ್ದಾರೆ. ಮನುಷ್ಯ ಪಡೆ, ರಕ್ಕಸ ಪಡೆ, ಮೃಗದ ಪಡೆ, ಹಾವಿನ ಪಡೆ ಒಂದೇ ಪೆಟ್ಟಿಗೆಯಲ್ಲಿ! ಇಂದಿನ ಯಾವುದೇ ವಾರ್‌ಗೇಮ್ ಕಂಪನಿಯ ಸರಕುಪಟ್ಟಿ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೇ ಶತಮಾನದಲ್ಲಿ ಗಂಜೀಫಾವನ್ನೂ ಚದುರಂಗವನ್ನೂ ಹಿಗ್ಗಿಸಿ ಹೊಸ ಹೊಸ ಬಗೆಗಳನ್ನು ಕಟ್ಟಿದರು, ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳಿಗೆ ಜಾಗ ಕೊಟ್ಟರು. ಆದರೂ ಹಾವಿನ ಏಳು ಮನುಷ್ಯನ ಏಳಿಗಿಂತ ಬೇರೆ ರೀತಿ ಕಚ್ಚುವಂತಿರಲಿಲ್ಲ.

ಹಾಗಾದರೆ ಬೇರೆ ನಡೆ ನಮ್ಮಲ್ಲಿ ಇರಲೇ ಇಲ್ಲವೇ? ಇತ್ತು. ಅದು ಅರಮನೆಯಲ್ಲಿ ಅಲ್ಲ, ಮಂಟಪದ ನೆಲದ ಮೇಲೆ. ಹಂಪಿ ಸೀಮೆಯ ಮಂಟಪಗಳ ಹಾಸುಗಲ್ಲಿನಲ್ಲಿ ಇಂದಿಗೂ ಕಾಣುವ ಗೀರುಗಳಲ್ಲಿ ತ್ರಿಕೋನವೊಂದನ್ನು ಅಡ್ಡಗೆರೆಗಳು ಕತ್ತರಿಸುವ ಚಿತ್ರವಿದ್ದರೆ ಅದು ಹುಲಿ-ಕುರಿ ಆಟದ ಮನೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಕುರಿ ಹೋಯಿತು. ಕುರಿಗೆ ಕೊಲ್ಲುವ ಶಕ್ತಿಯೇ ಇಲ್ಲ, ಒಂದರ ಬೆನ್ನಿಗೊಂದು ನಿಂತು ಹುಲಿಯ ದಾರಿ ಕಟ್ಟಬಹುದು, ಅಷ್ಟೇ. ಎರಡು ಕಡೆಗೂ ಸಂಖ್ಯೆ ಬೇರೆ, ಶಕ್ತಿ ಬೇರೆ, ಗೆಲುವಿನ ಅರ್ಥವೂ ಬೇರೆ. ಒಬ್ಬನಿಗೆ ಬೇಟೆ, ಇನ್ನೊಬ್ಬನಿಗೆ ದಿಗ್ಬಂಧನ. ಆಡುವ ಕಾಯಿಗಳೋ ಹುಣಸೆ ಬೀಜ, ಹರಳು. ಆಕೃತಿಯ ಗೊಡವೆಯೇ ಇಲ್ಲ. ದನ ಕಾಯುವ ಹುಡುಗರು ಬೆಣಚುಕಲ್ಲಿನಿಂದ ಗೀಚಿ ಆಡಿಕೊಂಡ ಈ ಆಟ, ಅನ್ಯಸೈನ್ಯದ ನಿಯಮದ ದೃಷ್ಟಿಯಿಂದ ಅರಸರ ಚದುರಂಗಕ್ಕಿಂತ ಎಷ್ಟೋ ಮುಂದಿತ್ತು.

ಇನ್ನು ತೊಗಲು. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಒಂದು ಗೊಂಬೆಗೆ ಒಂದೇ ಪಾತ್ರವಿರಬೇಕೆಂಬ ಕಟ್ಟುಪಾಡಿಲ್ಲ. ಹದ ಮಾಡಿ ಹಾಳೆಯಂತೆ ತೆಳುಮಾಡಿದ ಒಂದೇ ಚರ್ಮದಲ್ಲಿ ಇಡೀ ದೃಶ್ಯವನ್ನೇ ಕೊರೆಯುತ್ತಾರೆ. ಸಭೆ, ರಥ, ಗುಂಪು ಎಲ್ಲವೂ ಒಂದೇ ಕೋಲಿನ ಮೇಲೆ ಪರದೆಗೆ ಬಂದು ನಿಲ್ಲುತ್ತವೆ. ಅರಸರು, ದೇವರು ದೊಡ್ಡ ಗಾತ್ರದಲ್ಲಿ, ಆಳುಕಾಳು ಚಿಕ್ಕ ಗಾತ್ರದಲ್ಲಿ. ಇದನ್ನು ಕಂಡಾಗ ವಾರ್‌ಗೇಮ್‌ನವರು ಹತ್ತು ಹನ್ನೆರಡು ಕಾಲಾಳುಗಳನ್ನು ಒಂದೇ ತಟ್ಟೆಗೆ ಅಂಟಿಸಿ ಸರಿಸುವುದು ನೆನಪಾಗುತ್ತದೆ. ನಾಯಕನಿಗೆ ಮಾತ್ರ ಅಲ್ಲೂ ಪ್ರತ್ಯೇಕ ಪೀಠ. ಸಾವಿರವನ್ನು ಹತ್ತರಲ್ಲಿ ತೋರಿಸಬೇಕಾದ ಎರಡು ಕಲೆಗಳು ಪರಸ್ಪರ ಗುರುತಿಲ್ಲದೆಯೇ ಒಂದೇ ಉಪಾಯಕ್ಕೆ ಬಂದಿವೆ.

ಕೊಪ್ಪಳ ಜಿಲ್ಲೆಯ ಮೋರನಾಳ ಈ ಕಲೆಯ ತವರುಗಳಲ್ಲಿ ಒಂದು. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 96ರ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ತಡವಾಗಿ ಬಂತೆಂದು ಹೇಳಿ ಸುಮ್ಮನಾಗುವುದು ಸುಲಭ. ನಾನು ಹೇಳಬೇಕೆಂದಿರುವುದು ಬೇರೆ. ಹಜಾರರಾಮನ ಕಲ್ಲಿನ ವಾನರ ಅಲುಗಾಡುವುದಿಲ್ಲ, ಗಂಜೀಫಾದ ಮೃಗ ಮೇಜಿನ ಮೇಲೆ ಬಿದ್ದಲ್ಲೇ ಬಿದ್ದಿರುತ್ತದೆ. ತೊಗಲಿನ ಹನುಮ ಮಾತ್ರ ಲಂಕೆಯಲ್ಲಿ ಮನುಷ್ಯ ಪಾತ್ರಗಳು ಚಲಿಸದ ರೀತಿಯಲ್ಲಿ ಚಲಿಸುತ್ತಾನೆ. ಜಿಗಿಯುತ್ತಾನೆ, ತಲೆಕೆಳಗಾಗುತ್ತಾನೆ, ಪರದೆಯಿಂದ ಹಿಂದೆ ಸರಿಸಿದಾಗ ನೆರಳು ಹಿಗ್ಗಿ ಬೆಳೆಯುತ್ತಾನೆ. ಸೂತ್ರಧಾರನ ಕೈಯಲ್ಲಿ ರೂಪ ಮತ್ತು ನಡೆ ಎರಡೂ ಕೂಡಿದ್ದವು. ಕೂಡಿದರೂ ಅದು ಆಟ ನೋಡುವವರ ಪಾಲಿಗಿತ್ತು, ಆಡುವವರ ಪಾಲಿಗಲ್ಲ. ಲಂಕೆ ಬೀಳುವುದು ಮೊದಲೇ ಗೊತ್ತು.

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಮಿನಿಯೇಚರ್ ಎಂದಾಗ ನಮ್ಮಲ್ಲಿ ಕೈಗೆ ಸಿಗುವ ವಸ್ತು ಅಲ್ಲಿಯದೇ. ಅಲ್ಲಿನ ಚಿತ್ರಗಾರ ಮನೆತನಗಳು ತಮ್ಮ ಹಿರಿಯರು ವಿಜಯನಗರದ ಕಾಲದಲ್ಲಿ ಹಂಪಿಯ ಗುಡಿಯ ಚಿತ್ರ ಬರೆದವರೆಂದು ಹೇಳಿಕೊಳ್ಳುತ್ತವೆ. ಗೊಂಬೆಯನ್ನು ಇಡೀ ದಿಮ್ಮಿಯಿಂದ ಕಡೆಯುವುದಿಲ್ಲ. ಹಗುರ ಮರದ ಬಿಡಿ ಭಾಗಗಳನ್ನು ಕೆತ್ತಿ ಜೋಡಿಸುತ್ತಾರೆ. ಗರುಡನಿಗೆ 12 ಭಾಗ, ಸಿಂಹಾಸನದ ಗಣಪತಿಗೆ 22. ಬೆಸುಗೆ ಹುಣಸೆ ಬೀಜದ ಅಂಟಿನದು. ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿದ ಗೋಣಿಯ ಚಿಂದಿಗೆ ಮರದ ಪುಡಿಯನ್ನೂ ಅದೇ ಅಂಟನ್ನೂ ಕಲಸಿದರೆ ಕಿಟ್ಟ. ಅದನ್ನು ಕೈಯಿಂದ ಮೈಗೆಲ್ಲ ಮೆತ್ತಿ ಸಂದುಗಳನ್ನು ಮುಚ್ಚುತ್ತಾರೆ. ಮೇಲೆ ಅರಳೆಬಟ್ಟೆಯ ತುಂಡುಗಳನ್ನು ಅಂಟಿಸಿ, ಕಲ್ಲುಪುಡಿಯ ಲೇಪ ಕೊಡುತ್ತಾರೆ. ಬಣ್ಣ ಕೂರುವುದು ಆ ಬಿಳಿ ಮೈಯ ಮೇಲೆ. ಒಡವೆಗಳನ್ನು ಕೆತ್ತುವುದಿಲ್ಲ, ಕಲ್ಲುಪುಡಿ ಮತ್ತು ಗೋಂದಿನ ಪಾಕದಿಂದ ಉಬ್ಬಿಸಿ ಎಳೆಯುತ್ತಾರೆ. ಕಿರೀಟ, ಪದಕಗಳಿಗೆ ಲೋಹದ ಹೊಳಪು ತರುವ ಲಾಜವಾರ ಬೇರೆ.

ಇಂಗ್ಲೆಂಡಿನ ಪ್ಲಾಸ್ಟಿಕ್ ಸೈನಿಕನ ಪೆಟ್ಟಿಗೆ ತೆರೆದವರು ಮಾಡುವುದೂ ಕ್ರಮವಾಗಿ ಇದನ್ನೇ: ಬಿಡಿ ಭಾಗ ಕತ್ತರಿಸು, ಅಂಟಿಸು, ಸಂದು ಮುಚ್ಚು, ಒಂದು ಕೋಟು ಬಿಳಿ ಹೊಡೆ, ಬಣ್ಣ ಬಳಿ, ಕಡೆಗೆ ಲೋಹದ ಮೆರುಗು. ವ್ಯತ್ಯಾಸ ಒಂದೇ. ಕಿನ್ನಾಳದ ಗರುಡ ಪೂಜೆಗೆ, ಮೆರವಣಿಗೆಗೆ, ಷೋಕೇಸಿಗೆ ಹೋದ, ಆಟಕ್ಕೆ ಇಳಿಯಲಿಲ್ಲ. ಹಿಂದೆ ನಾನಾ ಕಸುಬಿನವರ ಗೊಂಬೆಗಳೂ ಅಲ್ಲಿ ಹೇರಳವಾಗಿದ್ದವು, ಈಗ ದೇವರು ಮತ್ತು ಪ್ರಾಣಿ-ಪಕ್ಷಿಗಳಿಗೆ ಗಿರಾಕಿ ಹೆಚ್ಚು. ಬಿಡಿ ವೀರನನ್ನು ಕೊಂಡು ಒಯ್ಯುವವರಿದ್ದಾರೆ. ನೂರು ವಾನರರ ದಂಡು ಬೇಕು ಎಂದು ಕೇಳುವ ಗಿರಾಕಿ ಹುಟ್ಟಬೇಕಾದರೆ ಅದನ್ನು ಆಡುವ ನಿಯಮ ಹುಟ್ಟಬೇಕಿತ್ತು.

ನಿಯಮ ಹುಟ್ಟಿದ್ದು ಜರ್ಮನ್ ನಾಡುಗಳಲ್ಲಿ. ಬ್ರೌನ್‌ಶ್ವೈಗ್‌ನ ಹೆಲ್‌ವಿಗ್ 1780ರಲ್ಲಿ ಚದುರಂಗವನ್ನು ಹಿಗ್ಗಿಸಿ ಯುದ್ಧದ ಆಟ ಮಾಡಿದ. ರೈಸ್‌ವಿಟ್ಜ್ ತಂದೆ-ಮಗ ಅದನ್ನು ಚೌಕದ ಮನೆಗಳಿಂದ ಬಿಡಿಸಿ ನಕ್ಷೆಯ ಮೇಲೆ ಇಳಿಸಿದರು. ಮಗನ 1824ರ ಕ್ರೀಗ್ಸ್‌ಸ್ಪೀಲ್ ಪ್ರಷ್ಯಾದ ಸೇನಾಧಿಕಾರಿಗಳ ತರಬೇತಿಗೆ ಸೇರಿತು. ಅಲ್ಲಿ ಸೈನ್ಯವೆಂದರೆ ನೀಲಿ ಬಿಲ್ಲೆ ಮತ್ತು ಕೆಂಪು ಬಿಲ್ಲೆ. ಮತ್ತೆ ಬಾವುಟವೇ. ಆಟಿಕೆ ಸೈನಿಕರು ಬಂದದ್ದು ಮನೆಯಂಗಳದಿಂದ. ಬ್ರಿಟನ್ಸ್ ಕಂಪನಿ 1893ರಿಂದ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಅಗ್ಗವಾಗಿ ಹೊಯ್ಯತೊಡಗಿತು. ಎಚ್.ಜಿ. ವೆಲ್ಸ್ ಅವುಗಳಿಗೆ ನಿಯಮ ಬರೆದು 1913ರಲ್ಲಿ ಲಿಟಲ್ ವಾರ್ಸ್ ಎಂಬ ಪುಸ್ತಕ ತಂದ. ಇದೇ ವೆಲ್ಸ್ 1898ರಲ್ಲಿ ಮಂಗಳ ಗ್ರಹದವರು ಭೂಮಿಗೆ ದಂಡೆತ್ತಿ ಬರುವ ದಿ ವಾರ್ ಆಫ್ ದಿ ವರ್ಲ್ಡ್ಸ್ ಬರೆದಿದ್ದವನು. ಸಾಹಿತ್ಯದ ಅತಿ ಪ್ರಸಿದ್ಧ ಅನ್ಯಸೈನ್ಯದ ಜನಕ, ಆಟಿಕೆ ಯುದ್ಧದ ಜನಕ, ಇಬ್ಬರೂ ಒಬ್ಬನೇ. ಆದರೂ ಅವನ ನೆಲದ ಮೇಲಿನ ಯುದ್ಧದಲ್ಲಿ ಒಬ್ಬನೇ ಒಬ್ಬ ಮಂಗಳಗ್ರಹದವನಿಲ್ಲ. ಸ್ಪ್ರಿಂಗ್ ಫಿರಂಗಿಯಿಂದ ಹಾರುವ ಮರದ ಗುಂಡಿಗೆ ಬೀಳುವವರೆಲ್ಲ ಮನುಷ್ಯರೇ. ತಲೆಯೊಳಗೆ ಎರಡೂ ಇದ್ದೂ ಒಂದಾಗದ ಈ ಉದಾಹರಣೆ ನನಗೆ ಇಡೀ ಇತಿಹಾಸದಲ್ಲೇ ವಿಚಿತ್ರವಾಗಿ ಕಾಣುತ್ತದೆ.

ಒಂದಾಗಲು 1970ರ ದಶಕ ಬರಬೇಕಾಯಿತು. 1971ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಜೆಫ್ ಪೆರೆನ್ ಅವರ ಚೈನ್‌ಮೇಲ್ ಎಂಬ ಮಧ್ಯಯುಗದ ಯುದ್ಧದ ನಿಯಮಪುಸ್ತಕದ ಕೊನೆಗೆ ಒಂದು ಕಲ್ಪನಾಲೋಕದ ಅನುಬಂಧ ಸೇರಿತು. ಡ್ರ್ಯಾಗನ್, ಓರ್ಕ್, ಎಲ್ಫ್‌ಗಳು ಅಲ್ಲಿಂದ ಮೇಜಿಗೆ ಇಳಿದವು. ಆ ಅನುಬಂಧವೇ ಮುಂದೆ 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಬುನಾದಿ. ಅದೇ 1974ರಲ್ಲಿ ಜಾನ್ ಮೆಕ್ಯೂನ್ ಸ್ಟಾರ್‌ಗಾರ್ಡ್ ಎಂಬ ಬಾಹ್ಯಾಕಾಶ ಯುದ್ಧದ ನಿಯಮಗಳನ್ನೂ ಅದಕ್ಕೆ ಲೋಹದ ಆಕೃತಿಗಳನ್ನೂ ತಂದ. ಅದರ ಡ್ರೀನಾಯ್ ಎಂಬ ಕೀಟರೂಪದ ಪಡೆ ಮೇಜಿನ ಮೇಲೆ ನಿಂತ ಅತಿ ಹಿಂದಿನ ಅನ್ಯಗ್ರಹ ಸೈನ್ಯಗಳಲ್ಲಿ ಒಂದು. ಇಂದು ನೋಡಿದರೆ ಒರಟು ಎರಕ. ಆದರೆ ಹೊರಗೆರೆ ಸ್ಪಷ್ಟ, ಮನುಷ್ಯನ ಪಕ್ಕದಲ್ಲಿಟ್ಟರೆ ಅನುಮಾನಕ್ಕೆ ಎಡೆಯಿಲ್ಲ.

ನಡೆಯ ಕಡೆಯಿಂದ ದೊಡ್ಡ ಹೆಜ್ಜೆ ಇಟ್ಟದ್ದು ಆಕೃತಿಗಳೇ ಇಲ್ಲದ, ರಟ್ಟಿನ ಬಿಲ್ಲೆಗಳ ಆಟವೊಂದು. ರಾಬರ್ಟ್ ಹೈನ್‌ಲೈನ್‌ನ 1959ರ ಕಾದಂಬರಿ ಸ್ಟಾರ್‌ಶಿಪ್ ಟ್ರೂಪರ್ಸ್ ಆಧರಿಸಿ ಅವಲಾನ್ ಹಿಲ್ ಕಂಪನಿ 1976ರಲ್ಲಿ ಆಟ ತಂದಿತು. ಅದರಲ್ಲಿ ಕೀಟಗಳ ಕಡೆ ಆಡುವವನು ತನ್ನ ಸುರಂಗಗಳ ನಕ್ಷೆಯನ್ನು ಗುಟ್ಟಾಗಿ ಕಾಗದದ ಮೇಲೆ ಬರೆದಿಟ್ಟುಕೊಳ್ಳುತ್ತಾನೆ. ನೆಲದ ಮೇಲೆ ಮನುಷ್ಯ, ನೆಲದ ಕೆಳಗೆ ಕೀಟ. ಹುಲಿ-ಕುರಿ ಬಲ್ಲವನಿಗೆ ಇದು ಅರ್ಥವಾಗಲು ಎರಡು ನಿಮಿಷ ಸಾಕು.

ಈ ಎರಡು ಎಳೆಗಳು ಸೇರಿದ್ದು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್‌ನಲ್ಲಿ. 1975ರಲ್ಲಿ ಲಂಡನ್ನಿನಲ್ಲಿ ಶುರುವಾದ ಈ ಸಂಸ್ಥೆಗೆ 1979ರಲ್ಲಿ ಹುಟ್ಟಿದ ಸಿಟಡೆಲ್ ಮಿನಿಯೇಚರ್ಸ್ ಲೋಹದ ಆಕೃತಿಗಳನ್ನು ಒದಗಿಸಿತು. 1983ರಲ್ಲಿ ವಾರ್‌ಹ್ಯಾಮರ್ ಬಂತು, 1987ರಲ್ಲಿ ರಿಕ್ ಪ್ರೀಸ್ಟ್ಲಿ ಬರೆದ ವಾರ್‌ಹ್ಯಾಮರ್ 40,000: ರೋಗ್ ಟ್ರೇಡರ್. ಆ ದಪ್ಪ ಪುಸ್ತಕದಲ್ಲಿ ಅನ್ಯಜೀವಿಗಳ ಜಾತ್ರೆಯೇ ಇದೆ: ಎಲ್ಡಾರ್, ಓರ್ಕ್, ಕುಳ್ಳ ಸ್ಕ್ವಾಟ್, ಕಪ್ಪೆಯಂಥ ಸ್ಲಾನ್, ಕುದುರೆಮೈಯ ಝೋಟ್, ಜೀನ್‌ಸ್ಟೀಲರ್. ಅವುಗಳ ನಡುವೆ ಗೆಲಾಕ್ಸಿಯ ಆಚೆಯಿಂದ ಹಡಗುಗಳ ಹಿಂಡಿನಲ್ಲಿ ಬಂದು ಜೀವದ್ರವ್ಯವನ್ನೇ ನುಂಗುವ ಟೈರನಿಡ್ ಎಂಬ ಜನಾಂಗವೂ ಇತ್ತು.

ಇಂದು ಟೈರನಿಡ್ ಎಂದರೆ ಮೇಜು ತುಂಬ ಹರಿದಾಡುವ ಕೊಂಡಿಗೈಗಳ ಹಿಂಡು. ಆದರೆ 1987ರಲ್ಲಿ ಅದು ಜಾತ್ರೆಯ ಒಬ್ಬ ಸದಸ್ಯ ಮಾತ್ರ. ಉಳಿದ ಎಲ್ಲರಿಗೂ ಇದ್ದಂತೆ ಅದಕ್ಕೂ ಒಂದು ಸಾಲು ಅಂಕಿ: ಎಷ್ಟು ದೂರ ನಡೆದೀತು, ಎಷ್ಟು ಗುರಿಯಿಟ್ಟೀತು, ಎಷ್ಟು ಪೆಟ್ಟು ತಡೆದೀತು. ಅಂಕಿಗಳು ಬೇರೆ, ಆಟ ಒಂದೇ. ಹಳೆಯ ಆಟಗಾರರು ರೋಗ್ ಟ್ರೇಡರ್ ಕಾಲವನ್ನು ಹೊನ್ನಿನ ಕಾಲವೆಂದು ಕೊಂಡಾಡುತ್ತಾರೆ. ಅದರ ಮುಕ್ತ ಮನಸ್ಸು, ಪೋಕರಿತನ ನನಗೂ ಇಷ್ಟ. ಆದರೆ ಅನ್ಯಸೈನ್ಯದ ದೃಷ್ಟಿಯಿಂದ ಆ ಕಾಲ ಬಹುಮಟ್ಟಿಗೆ ಜಾನ್ ಕಂಪನಿ ಚದುರಂಗವೇ. ರೂಪದಲ್ಲಿ ವೈಭವ, ನಡೆಯಲ್ಲಿ ಸಮಾನತೆ. ಸಾಲದ್ದಕ್ಕೆ ಪ್ಲಾಸ್ಟಿಕ್ ಅಚ್ಚಿನ ಭಾಗ್ಯ ಮೊದಲು ಸಿಕ್ಕಿದ್ದು ಮನುಷ್ಯ ಪಡೆಗೆ. ಒಂದು ಪೆಟ್ಟಿಗೆಗೆ ಮೂವತ್ತು ಸ್ಪೇಸ್ ಮರೀನ್‌ಗಳು. ಮನುಷ್ಯರು ಅಗ್ಗವಾಗಿ ಹಿಂಡಾದರು, ಹಿಂಡಾಗಬೇಕಿದ್ದ ಅನ್ಯರು ದುಬಾರಿ ಲೋಹದ ಬಿಡಿ ಕಾಯಿಗಳಾಗಿ ಉಳಿದರು.

ತಿರುವು ಬಂದದ್ದು 1989ರಲ್ಲಿ, ರಿಚರ್ಡ್ ಹ್ಯಾಲಿವೆಲ್ ವಿನ್ಯಾಸದ ಸ್ಪೇಸ್ ಹಲ್ಕ್‌ನಿಂದ. ಹಾಳು ಬಿದ್ದ ಅಂತರಿಕ್ಷ ನೌಕೆಯ ಓಣಿಗಳಲ್ಲಿ ಭಾರಿ ಕವಚದ ಕೆಲವೇ ಮರೀನ್‌ಗಳು ಒಂದು ಕಡೆ, ಮುಗಿಯದ ಜೀನ್‌ಸ್ಟೀಲರ್‌ಗಳು ಇನ್ನೊಂದು ಕಡೆ. ಮರೀನ್‌ಗೆ ಬಂದೂಕಿದೆ, ಒಂದು ಸರದಿಗೆ ನಾಲ್ಕು ಚಲನೆ. ಜೀನ್‌ಸ್ಟೀಲರ್‌ಗೆ ಬಂದೂಕಿಲ್ಲ, ಆರು ಚಲನೆ. ಓಡಿ ಬಂದು ಮೈಮೇಲೆ ಬಿದ್ದರೆ ಮುಗಿಯಿತು. ದೂರದಲ್ಲಿರುವಾಗ ಅವು ರೇಡಾರಿನ ಚುಕ್ಕೆಗಳಾಗಿ ಬರುತ್ತವೆ, ಚುಕ್ಕೆಯ ಹಿಂದೆ ಎಷ್ಟಿವೆ ಎಂಬುದು ಎದುರು ಬಂದಾಗಲೇ ಬಯಲು. ಎಲ್ಲಕ್ಕಿಂತ ಚೆಂದದ ನಿಯಮ ಕಾಲದ್ದು. ಮನುಷ್ಯರ ಕಡೆ ಆಡುವವನಿಗೆ ಪ್ರತಿ ಸರದಿಗೂ ಗಡಿಯಾರದ ಮಿತಿ, ಜೀನ್‌ಸ್ಟೀಲರ್ ಆಡುವವನಿಗೆ ಆ ಮಿತಿ ಇಲ್ಲ. ಭಯವನ್ನು ಅಂಕಿಯಲ್ಲಿ ಬರೆಯದೆ ಆಟಗಾರನ ಎದೆಗೇ ಇಳಿಸಿದ ನಿಯಮವದು. 1979ರ ಏಲಿಯನ್, 1986ರ ಏಲಿಯನ್ಸ್ ಸಿನಿಮಾಗಳ ನೆರಳು ಅಲ್ಲಿ ದಟ್ಟವಾಗಿದೆ, ನಿಜ. ಆದರೆ ಅಸ್ಥಿಪಂಜರ ಮಂಟಪದ ನೆಲದ್ದು: ಬೇಟೆಯಾಡುವವ ಒಬ್ಬ, ಸಂಖ್ಯೆಯಿಂದ ಮುತ್ತುವವ ಇನ್ನೊಬ್ಬ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. 1990ರ ಅಡ್ವಾನ್ಸ್ಡ್ ಸ್ಪೇಸ್ ಕ್ರುಸೇಡ್‌ನಲ್ಲಿ ಟೈರನಿಡ್ ಯೋಧ ತನ್ನ ನಿಜ ಮುಖ ಪಡೆದ. ಬೇರೆ ಜಾತಿಯಾಗಿದ್ದ ಜೀನ್‌ಸ್ಟೀಲರ್‌ಗಳನ್ನು ಟೈರನಿಡ್ ಸಂತತಿಗೇ ಸೇರಿಸಿದರು. 1995ರಲ್ಲಿ ಟೈರನಿಡ್‌ಗಳಿಗೆ ಸ್ವಂತ ಪುಸ್ತಕ ಬಂದಾಗ ಹಿಂಡು-ಮನಸ್ಸಿನ ಕಲ್ಪನೆ ನಿಯಮವಾಗಿ ಗಟ್ಟಿಯಾಗಿತ್ತು. ಹಿರಿಯ ಜೀವಿಯ ಅಂಕೆಯಲ್ಲಿ ಇರುವವರೆಗೆ ಕಿರಿಯ ಜೀವಿಗಳು ಹೆದರುವುದಿಲ್ಲ, ಅದು ಬಿದ್ದರೆ ದಿಕ್ಕೆಡುತ್ತವೆ. 1987ರ ಜಾತ್ರೆಯ ಎಷ್ಟೋ ಸದಸ್ಯರಿಗೆ ಈ ಅದೃಷ್ಟವಿರಲಿಲ್ಲ. ಸ್ಲಾನ್, ಝೋಟ್ ಹಿಂದೆ ಸರಿದವು. ಸ್ಕ್ವಾಟ್‌ಗಳು ತೊಂಬತ್ತರ ದಶಕದಲ್ಲಿ ಕಾಣೆಯಾಗಿ 2022ರಲ್ಲಿ ವೋಟಾನ್ ಎಂಬ ಹೊಸ ಹೆಸರಿನಲ್ಲಿ ಮರಳಿದವು. ರೂಪ ಚೆನ್ನಾಗಿದ್ದ ಸೈನ್ಯಗಳೇ ಅವೆಲ್ಲ, ತಮ್ಮದೇ ಎನ್ನುವ ನಡೆ ಸಿಗಲಿಲ್ಲ.

ಹಿರಿಯ ಬಿದ್ದರೆ ಕಿರಿಯರು ದಿಕ್ಕೆಡುವ ಸೈನ್ಯ ಎಂದಾಗ ರಾಮಾಯಣ ಬಲ್ಲವರ ಕಿವಿ ನಿಮಿರಬೇಕು. ಯುದ್ಧಕಾಂಡದಲ್ಲಿ ಕುಂಭಕರ್ಣ ಎದ್ದು ಬಂದಾಗ ವಾನರ ಸೇನೆ ಕಾಲಿಗೆ ಬುದ್ಧಿ ಹೇಳುತ್ತದೆ, ಅಂಗದ ಕೂಗಿ ಕರೆದು ಮರಳಿಸುತ್ತಾನೆ. ಇಂದ್ರಜಿತುವಿನ ಸರ್ಪಬಾಣಕ್ಕೆ ರಾಮ-ಲಕ್ಷ್ಮಣರು ಒರಗಿದಾಗಲೂ ಅದೇ ಗಾಬರಿ. ಆಯುಧಗಳೋ ಮರ ಮತ್ತು ಬಂಡೆ. ಎಸೆದರೆ ಮುಗಿಯಿತು, ಮತ್ತೊಂದು ಕಿತ್ತು ತರಬೇಕು. ಜಿಗಿತಕ್ಕೆ ಕೋಟೆ ಗೋಡೆ ಲೆಕ್ಕಕ್ಕಿಲ್ಲ. ರೂಪವಷ್ಟೇ ಅಲ್ಲ, ನಡೆಯೂ ಗ್ರಂಥದಲ್ಲೇ ಸಿದ್ಧವಿದೆ. ಶಿಲ್ಪಿಗೆ ಬಾಲ ಕಂಡಿತು, ಸೂತ್ರಧಾರನಿಗೆ ಜಿಗಿತ ಕಂಡಿತು, ಹುಲಿ-ಕುರಿ ಆಡುವ ಹುಡುಗನಿಗೆ ಅಸಮಬಲದ ಆಟದ ರುಚಿ ಕಂಡಿತು. ಒಬ್ಬರ ಜಗುಲಿಯಲ್ಲಿ ಇನ್ನೊಬ್ಬರು ಕೂರಲಿಲ್ಲ. ಜಾತಿ, ಕಸುಬುಗಳ ಗೋಡೆ ಅದಕ್ಕೆ ಅರ್ಧ ಕಾರಣ. ಉಳಿದರ್ಧ, ರಾಮಾಯಣದ ಫಲಿತಾಂಶವನ್ನು ದಾಳಕ್ಕೆ ಬಿಡಲು ಯಾರಿಗೂ ಮನಸ್ಸು ಬಾರದಿದ್ದುದು. ಕುಷ್ಟಗಿ ತಾಲ್ಲೂಕಿನಲ್ಲಿ ಒಂದು ದೊಡ್ಡ ಊರಿಗೆ ಹನುಮಸಾಗರ ಎಂದೇ ಹೆಸರಿದೆ. ಅಂಥ ನಾಡಿನಲ್ಲಿ ಹನುಮ ಸೋಲಬಹುದಾದ ಆಟ ಯಾರು ಆಡಿಯಾರು?

ಈಗಿನ ಸ್ಥಿತಿ ವಿಚಿತ್ರವಾಗಿದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಹೊರಗಿನ ಪೆಟ್ಟಿಗೆ ಕೊಳ್ಳುವುದು ಹವ್ಯಾಸಿಗೆ ಇನ್ನಷ್ಟು ಭಾರ. 2021ರ ಜನವರಿಯಲ್ಲಿ ಕುಕನೂರು ಬಳಿಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕೈಗಾರಿಕಾ ಸಮೂಹಕ್ಕೆ ಅಡಿಗಲ್ಲು ಬಿತ್ತು. ಪ್ಲಾಸ್ಟಿಕ್ ಅಚ್ಚಿನ ವಿದ್ಯೆ ಇಟಗಿಯ ನೆರೆಗೇ ಬಂದಂತಾಯಿತು. ಅಲ್ಲಿಂದ ಬಹಳ ದೂರವಲ್ಲದ ಕಿನ್ನಾಳದಲ್ಲಿ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಸುಬುದಾರರು ಇನ್ನೂ ಹುಣಸೆ ಬೀಜ ಅರೆಯುತ್ತಿದ್ದಾರೆ. ಭಾನಾಪುರದ ಅಚ್ಚು ಹೊರದೇಶದ ಬೊಂಬೆಗಳಿಗೆ, ಕಿನ್ನಾಳದ ಉಳಿ ಷೋಕೇಸಿಗೆ. ಇವೆರಡರ ನಡುವೆ ಒಂದು ಪೆಟ್ಟಿಗೆ ವಾನರ ದಂಡು ಹುಟ್ಟಬಾರದೆಂದೇನಿಲ್ಲ. ತ್ರಿಆಯಾಮ ಮುದ್ರಣದ ಯಂತ್ರ ಹವ್ಯಾಸಿಗಳ ಮನೆಗೂ ಬಂದಿರುವಾಗ ಕಂಪನಿಯೂ ಬೇಕಾಗಿಲ್ಲ.

ಬೇಕಾದದ್ದು ನಿಯಮ. ಲಂಕಾ ಯುದ್ಧಕ್ಕೆ ಕೈ ಹಾಕುವ ಬದಲು ಕಿಷ್ಕಿಂಧಾಕಾಂಡದಿಂದ ಶುರುಮಾಡುವುದು ಮೇಲು, ಅದು ಊರಿನದೇ ಕಥೆ. ಸುಗ್ರೀವ ಸೀತೆಯನ್ನು ಹುಡುಕಲು ನಾಲ್ಕು ದಿಕ್ಕಿಗೆ ನಾಲ್ಕು ತಂಡ ಕಳಿಸುತ್ತಾನೆ: ಮೂಡಣಕ್ಕೆ ವಿನತ, ಪಡುವಣಕ್ಕೆ ಸುಷೇಣ, ಬಡಗಣಕ್ಕೆ ಶತಬಲಿ, ತೆಂಕಣಕ್ಕೆ ಅಂಗದ, ಜೊತೆಗೆ ಹನುಮ, ಜಾಂಬವ. ಗಡುವು ಒಂದು ತಿಂಗಳು, ಮೀರಿದವರಿಗೆ ತಲೆದಂಡ. ಮೂರು ತಂಡಗಳು ಬರಿಗೈಯಲ್ಲಿ ಹೊತ್ತಿಗೆ ಸರಿಯಾಗಿ ಮರಳುತ್ತವೆ. ನಾಲ್ಕನೆಯದು ಸ್ವಯಂಪ್ರಭೆಯ ಗುಹೆಯಲ್ಲಿ ದಿನದ ಲೆಕ್ಕ ತಪ್ಪಿ, ಕಡಲ ದಂಡೆಯಲ್ಲಿ ಉಪವಾಸ ಕೂರುತ್ತದೆ. ಗಡಿಯಾರ ಮೊದಲೇ ಇದೆ, ಕತ್ತಲ ಗುಹೆ ಇದೆ, ಮುಚ್ಚಿಟ್ಟ ಮಾಹಿತಿ ಇದೆ. ಸ್ಪೇಸ್ ಹಲ್ಕ್‌ಗೆ ಬೇಕಾದ ಸಾಮಾನೆಲ್ಲ ಇದ್ದಂತೆಯೇ. ಇಲ್ಲದಿರುವುದು ಎದುರು ಕೂರುವ ಆಟಗಾರನ ಪಾತ್ರ ಮಾತ್ರ. ಹಸಿದ ಹದ್ದು ಸಂಪಾತಿಯನ್ನು ಅವನ ಕೈಗೆ ಕೊಟ್ಟರೆ, ಆತ ವಾನರರನ್ನು ತಿನ್ನಬೇಕೋ ಲಂಕೆಯ ದಾರಿ ತೋರಿಸಬೇಕೋ ಎಂಬುದನ್ನು ನಿಯಮ ಬರೆಯುವವರು ತೀರ್ಮಾನಿಸಲಿ.